ಗಾಳಿ ದೋಣಿ ಕೊಳ್ಳುವವರು ಬೆಲೆಗಿಂತ ಮೊದಲು ಬಟ್ಟೆ ನೋಡಲಿ

ಮಾನ್ಯ ಸಂಪಾದಕರೇ,

ಹಳೇ ಹುಬ್ಬಳ್ಳಿಯಲ್ಲಿ ನನ್ನದು ಟ್ಯೂಬ್ ಮತ್ತು ತಾಡಪತ್ರಿ ರಿಪೇರಿ ಅಂಗಡಿ. ಅದಕ್ಕೂ ಮೊದಲು ಕಾಳಿ ಹೊಳೆಯಲ್ಲಿ ರಾಫ್ಟ್ ಗೈಡ್ ಆಗಿದ್ದೆ. ಆ ಪರಿಚಯದಿಂದ ದಾಂಡೇಲಿ, ಗಣೇಶಗುಡಿ ಕಡೆಯ ಗಾಳಿ ತುಂಬುವ ರಾಫ್ಟ್, ಕಯಾಕ್ (ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಉದ್ದನೆ ದೋಣಿ) ಹರಿದರೆ ನನ್ನಲ್ಲಿಗೆ ಬರುತ್ತವೆ. ಧಾರವಾಡ, ಗದಗ, ಹಾವೇರಿ ಕಡೆ ಕೆರೆಗೆಂದು, ನೆರೆಗೆಂದು ಕೊಂಡ ಗಾಳಿ ದೋಣಿಗಳೂ ಬರುತ್ತವೆ. ಬಂದವುಗಳಲ್ಲಿ ಎಷ್ಟೋ ದೋಣಿಗಳನ್ನು "ಇದು ಆಗೂದಿಲ್ರೀ" ಎಂದು ವಾಪಸ್ ಕಳಿಸಬೇಕಾಗುತ್ತದೆ. ಅವು ಕಲ್ಲಿಗೆ ಬಡಿದು ಕೆಟ್ಟವಲ್ಲ. ಕೊಳ್ಳುವಾಗಲೇ ಆಯ್ಕೆ ತಪ್ಪಿರುತ್ತದೆ. ಮಳೆಗಾಲ ಮುಗಿದು ಪ್ರವಾಸದ ಸೀಸನ್ ಶುರುವಾಗುವ ಹೊತ್ತು ಇದು. ಹೊಸ ಕಯಾಕ್ ತರಿಸಲು ಹೊರಟವರಿಗಾಗಿ ಈ ಪತ್ರ.

ದುಡಿಮೆಗೆ ಕೊಳ್ಳುವ ಕಯಾಕ್ ರಿಪೇರಿ ಆಗುವಂತಿರಬೇಕು. ನನ್ನ ಮಾತು ಇಷ್ಟೇ. ಹರಿಯದ ದೋಣಿ ಅಂತ ಯಾವುದೂ ಇಲ್ಲ. ಸೂಪಾ ಅಣೆಕಟ್ಟೆಯ ಪವರ್ ಹೌಸ್‌ನಿಂದ ನೀರು ಬಿಟ್ಟರೆ ಕಾಳಿ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಇಳಿದಾಗ ಗೇಣು ನೀರಿನ ಕೆಳಗೇ ಕಲ್ಲು. ವರ್ಷಕ್ಕೊಮ್ಮೆ ಮಕ್ಕಳಿಗೆಂದು ಕೆರೆಗೆ ಇಳಿಸುವ ದೋಣಿಗೂ, ದಿನಾ ಹೊಸಬರು ಹತ್ತಿ ಕಲ್ಲಿನ ಮೇಲೆ ಎಳೆದಾಡುವ ದೋಣಿಗೂ ವ್ಯತ್ಯಾಸ ಇದೆ ಅಲ್ವಾ? ಆದರೆ ಮೊಬೈಲ್‌ನಲ್ಲಿ ಫೋಟೋ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಕೆಲವೇ ಸಾವಿರ ರೂಪಾಯಿಗೆ ಸಿಗುವ ಕಯಾಕ್‌ನಲ್ಲಿ ಬಟ್ಟೆಯೇ ಇರುವುದಿಲ್ಲ, ಬರೀ ಪಿವಿಸಿ ಹಾಳೆ. ಗಾಳಿ ತುಂಬಿದಂತೆ ಅದು ಹಿಗ್ಗುತ್ತದೆ. ಒಂದು ಕಡೆ ಸೀಳಿದರೆ ಸೀಳು ಓಡುತ್ತಾ ಹೋಗುತ್ತದೆ. ಅದಕ್ಕೆ ಪ್ಯಾಚ್ ಹಾಕಿದರೂ ಮತ್ತೆ ಹಿಗ್ಗಿದಾಗ ಅಂಚು ಬಿಡುತ್ತದೆ. ಸೆಳವಿನ ಹೊಳೆಗೆ ಬೇಕಾದದ್ದು ಒಳಗೆ ಪಾಲಿಯೆಸ್ಟರ್ ಬಟ್ಟೆ ಇದ್ದು, ಎರಡೂ ಬದಿಗೆ ಪಿವಿಸಿ ಅಥವಾ ರಬ್ಬರ್ ಲೇಪ ಇರುವ ದೋಣಿ. ಮಾರುವವರು "1000 ಡೆನಿಯರ್" ಅಂತ ದೊಡ್ಡದಾಗಿ ಹಾಕಿರುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಡೆನಿಯರ್. ಅಂದರೆ 1000 ಡೆನಿಯರ್‌ನ ನೂಲು 9 ಕಿಲೋಮೀಟರ್‌ಗೆ 1 ಕಿಲೋ ತೂಗುತ್ತದೆ. ಇದು ನೂಲಿನ ದಪ್ಪ ಮಾತ್ರ ಹೇಳುತ್ತದೆ. ಮೇಲಿನ ಲೇಪ ಎಷ್ಟು ದಪ್ಪ, ಅದು ಬಟ್ಟೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನುವುದನ್ನು ಹೇಳುವುದಿಲ್ಲ. ಬುಡದಲ್ಲಿ ಎಷ್ಟು ಪದರ ಇದೆ ಅಂತ ಬೇರೆಯಾಗಿ ಕೇಳಬೇಕು. ಸವೆಯುವುದು ಬುಡವೇ, ಪಕ್ಕದ ಟ್ಯೂಬ್ ಅಲ್ಲ.

ಲೇಪದ ವಿಷಯದಲ್ಲಿ ಜನ ಹೈಪಲಾನ್ ಎಂಬ ರಬ್ಬರ್‌ನ ಹೆಸರು ಹೇಳುತ್ತಾರೆ. ಬಿಸಿಲು ತಡೆಯುವುದರಲ್ಲಿ ಅದು ನಿಜಕ್ಕೂ ಒಳ್ಳೆಯದು. ಡ್ಯುಪಾಂಟ್ ಕಂಪನಿ 2010ರಲ್ಲೇ ಅದರ ತಯಾರಿಕೆ ನಿಲ್ಲಿಸಿತು. ಈಗ ಬರುವುದು ಬೇರೆ ಕಂಪನಿಗಳ ಅದೇ ಜಾತಿಯ ರಬ್ಬರ್, ಸಿಎಸ್‌ಎಂ ಅನ್ನುತ್ತಾರೆ. ಮೆತ್ತಗಿರುತ್ತದೆ, ಸುಲಭವಾಗಿ ಮಡಚಬಹುದು, ಅಂಟು ಚೆನ್ನಾಗಿ ಕೂರುತ್ತದೆ. ಬೆಲೆ ಮಾತ್ರ ಜಾಸ್ತಿ. ಜೆಕ್ ದೇಶದ ಗುಮೊಟೆಕ್ಸ್ ಕಂಪನಿ ನೈಟ್ರಿಲಾನ್ ಎಂಬ ರಬ್ಬರ್ ಬಟ್ಟೆ ಬಳಸುತ್ತದೆ, ಅದೂ ಬಾಳಿಕೆಯದು. ಪಿವಿಸಿ ಗಡುಸು, ಕಲ್ಲಿನ ಮೇಲೆ ಚೆನ್ನಾಗಿ ಜಾರುತ್ತದೆ, ಬೆಲೆಯೂ ಕಡಿಮೆ. ಆದರೆ ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಒಳಗಿನ ಮೆತ್ತನೆ ಗುಣ ಹೋಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ನಮ್ಮ ಕಡೆಯ ಬಿಸಿಲಿಗೆ ಇದನ್ನು ಮರೆಯಬಾರದು. ರಬ್ಬರ್‌ಗೆ ಹಾಕುವ ಅಂಟು ಪಿವಿಸಿಗೆ ಹಿಡಿಯುವುದಿಲ್ಲ, ಪಿವಿಸಿ ಅಂಟು ರಬ್ಬರ್‌ಗೆ ಹಿಡಿಯುವುದಿಲ್ಲ. ದೋಣಿ ಯಾವುದರಿಂದ ಮಾಡಿದ್ದು ಎಂದೇ ಗೊತ್ತಿಲ್ಲದೆ ಸೈಕಲ್ ಸೊಲ್ಯೂಷನ್ ಮೆತ್ತಿ ತಂದವರ ದೋಣಿಯಲ್ಲಿ ಮೊದಲು ಅದನ್ನು ಕೆರೆದು ತೆಗೆಯುವುದಕ್ಕೇ ನನಗೆ ಅರ್ಧ ದಿನ ಹೋಗುತ್ತದೆ. ಬಿಲ್ಲಿನ ಮೇಲೆ ಬಟ್ಟೆಯ ಹೆಸರು ಬರೆಸಿಕೊಳ್ಳಿ. ಅದೇ ಕಂಪನಿಯ ಬಟ್ಟೆಯ ಒಂದು ಮೊಳ ತುಂಡು, ಸರಿಯಾದ ಅಂಟು ದೋಣಿಯ ಜೊತೆಗೇ ಕೇಳಿ ಪಡೆಯಿರಿ.

ಇನ್ನೊಂದು ಜಾತಿಯ ಕಯಾಕ್ ಇದೆ, ಅದು ನನಗೆ ಇಷ್ಟ. ಸೈಕಲ್‌ನ ಟೈರ್ ಮತ್ತು ಟ್ಯೂಬ್ ಇದ್ದ ಹಾಗೆ, ಹೊರಗೆ ಗಟ್ಟಿ ಪಿವಿಸಿ ಕವಚ, ಒಳಗೆ ಗಾಳಿ ಹಿಡಿಯುವ ಬೇರೆ ಚೀಲ, ನಡುವೆ ಜಿಪ್. ಅಮೆರಿಕದ ಏರ್ ಎಂಬ ಕಂಪನಿ ಇಂಥವನ್ನು ಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಚೀಲ ಇಟ್ಟು ಮಾಡುತ್ತದೆ. ಹೊಳೆ ದಂಡೆಯಲ್ಲಿ ತೂತಾದರೆ ಜಿಪ್ ತೆಗೆದು ಚೀಲ ಹೊರಗೆಳೆದು ಟೇಪ್ ಹಚ್ಚಿ ಮತ್ತೆ ಇಳಿಸಬಹುದು. ಚೀಲ ಪೂರ್ತಿ ಹೋದರೆ ಚೀಲವನ್ನಷ್ಟೇ ಬದಲಿಸಬಹುದು. ಇದಕ್ಕೂ ಒಂದು ಕಷ್ಟ ಇದೆ. ಕವಚದ ಒಳಗೆ ನೀರು, ಮರಳು ಸೇರುತ್ತದೆ. ಒಣಗಿಸಲು ಹೊತ್ತು ಬೇಕು, ಮರಳು ಬಿಟ್ಟರೆ ಚೀಲವನ್ನೇ ಉಜ್ಜುತ್ತದೆ. ತೊಳೆಯುವ ಶಿಸ್ತು ಇರುವವರು ಇದನ್ನೇ ಕೊಳ್ಳಲಿ. ಇಲ್ಲದವರು ಬೇರೆ ಒಳಚೀಲ ಇಲ್ಲದ, ರಬ್ಬರ್ ಲೇಪದ ದೋಣಿ ಕೊಳ್ಳಲಿ.

ಜೋಡಣೆ ನೋಡುವುದು ಹೇಗೆ ಅಂತ ಕೇಳುತ್ತಾರೆ. ಹೊಸ ದೋಣಿಗೆ ಕಂಪನಿ ಹೇಳಿದಷ್ಟು ಗಾಳಿ ತುಂಬಿ, ನೆರಳಲ್ಲಿ ಒಂದು ದಿನ ಇಡಿ. ಜೋಡಣೆಯ ಉದ್ದಕ್ಕೂ ಸೋಪಿನ ನೀರು ಸವರಿ. ಗುಳ್ಳೆ ಬಂದರೆ ಅಲ್ಲೇ ವಾಪಸ್ ಕೊಡಿ. ಪಿವಿಸಿಯಲ್ಲಿ ಬಿಸಿ ಕೊಟ್ಟು ಬೆಸೆದ ಜೋಡಣೆ ಇದ್ದರೆ ಒಳ್ಳೆಯದು. ಅಂಟಿಸಿದ್ದಾದರೆ ಮೇಲೆ ಪಟ್ಟಿ ಇರಲೇಬೇಕು. ಕನಿಷ್ಠ ಮೂರು ಬೇರೆ ಬೇರೆ ಗಾಳಿ ಕೋಣೆ ಇರಲಿ, ಒಂದು ಹೋದರೂ ದಂಡೆ ಸೇರಬಹುದು.

ವಾಲ್ವ್ ಬಗ್ಗೆ ನನಗೆ ಜಾಸ್ತಿ ಸಿಟ್ಟು ಬರುತ್ತದೆ. ಎಲ್ಲ ಸರಿಯಿದ್ದು ಒಂದು ವಾಲ್ವ್ ಸಿಗದೆ ಮೂಲೆ ಸೇರಿದ ದೋಣಿಗಳನ್ನು ಕಂಡಿದ್ದೇನೆ. ಇಂಗ್ಲೆಂಡಿನ ಲೀಫೀಲ್ಡ್ ವಾಲ್ವ್‌ನಂಥದ್ದು ಇದ್ದರೆ ಪಾನಾದಿಂದ ಬಿಚ್ಚಿ ಹೊಸದು ಹಾಕಬಹುದು, ಬಟ್ಟೆ ಕತ್ತರಿಸಬೇಕಿಲ್ಲ. ಬಾಸ್ಟನ್ ವಾಲ್ವ್ ಸಾಧಾರಣದ್ದಾದರೂ ಬಿಡಿಭಾಗ ಸಿಗುತ್ತದೆ. ಬಟ್ಟೆಗೆ ಬೆಸೆದೇ ಬಿಟ್ಟ ಹೆಸರಿಲ್ಲದ ವಾಲ್ವ್ ಇದ್ದರೆ ಬೇಡ ಅನ್ನಿ. ಗಾಳಿಯನ್ನೂ ಅಳೆದು ತುಂಬಬೇಕು. ಕಯಾಕ್‌ನ ದುಂಡನೆ ಟ್ಯೂಬ್‌ಗೆ ಸಾಮಾನ್ಯವಾಗಿ 2.5 ರಿಂದ 3 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು. ಬೈಕಿನ ಟೈರಿಗೆ 30ರ ಆಚೀಚೆ ಹಾಕುವ ಕಂಪ್ರೆಸರ್‌ಗೆ ಇದನ್ನು ಸಿಕ್ಕಿಸಿದರೆ ಜೋಡಣೆ ಕಿತ್ತು ಬರುತ್ತದೆ.

ತಳದಲ್ಲಿ ಎರಡು ಥರ. ಸೆಳವಿನ ನೀರಿಗೆ ಸೆಲ್ಫ್ ಬೇಲಿಂಗ್ ತಳ ಬೇಕೇ ಬೇಕು. ಗಾಳಿ ತುಂಬಿದ ತಳದ ಅಂಚಿನಲ್ಲಿ ತೂತುಗಳಿದ್ದು, ಅಲೆಯಿಂದ ಒಳಗೆ ಬಿದ್ದ ನೀರು ತಾನೇ ಹೊರಗೆ ಹೋಗುತ್ತದೆ. ಅದಿಲ್ಲದ ಕಯಾಕ್‌ನಲ್ಲಿ 100 ಲೀಟರ್ ನೀರು ನಿಂತರೆ 100 ಕಿಲೋ ಭಾರ ಕೂತಂತಾಯಿತು, ಹೊಸಬರಿಗೆ ತಿರುಗಿಸಲು ಆಗುವುದಿಲ್ಲ. ಉಣಕಲ್ ಕೆರೆಯಂಥ ನಿಂತ ನೀರಿಗೆ ಇದು ಬೇಕಿಲ್ಲ. ಭಾರದ ಜನ ಕೂತರೆ ಅದೇ ತೂತಿನಿಂದ ನೀರು ಮೇಲೆ ಬಂದು ಸುಮ್ನೆ ಒದ್ದೆಯಾಗುತ್ತಾರೆ. ಈಚೆಗೆ ಡ್ರಾಪ್ ಸ್ಟಿಚ್ ಅಂತ ಬಂದಿದೆ. ಎರಡು ಪದರಗಳ ನಡುವೆ ಸಾವಿರಾರು ದಾರ ಹೊಲಿದು, ಜಾಸ್ತಿ ಒತ್ತಡದ ಗಾಳಿ ತುಂಬಿದರೂ ಚಪ್ಪಟೆಯಾಗಿಯೇ ನಿಲ್ಲುವಂತೆ ಮಾಡಿರುತ್ತಾರೆ. ತಳಕ್ಕೆ ಅದು ಚೆನ್ನ. ಪಕ್ಕದ ಗೋಡೆಯೂ ಅದೇ ಆದರೆ ಕೆರೆಯಲ್ಲಿ ಜೋರಾಗಿ ಓಡುತ್ತದೆ, ಕಲ್ಲಿನ ಹೊಳೆಗೆ ಮಾತ್ರ ನಾನು ದುಂಡನೆ ಟ್ಯೂಬನ್ನೇ ಹೇಳುತ್ತೇನೆ. ಬಡಿದಾಗ ಅದು ಬಗ್ಗಿ ಪಕ್ಕಕ್ಕೆ ಸರಿಯುತ್ತದೆ. ಒಳಗಿನ ದಾರ ಕಿತ್ತು ಉಬ್ಬಿದ ಡ್ರಾಪ್ ಸ್ಟಿಚ್ ತಳವನ್ನು ನನ್ನಂಥವರಿಂದ ಸರಿಮಾಡಲು ಆಗುವುದಿಲ್ಲ.

ಬಳಸುವವರಿಗೂ ಎರಡು ಮಾತು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಪೂರ್ತಿ ಗಾಳಿ ತುಂಬಿದ ದೋಣಿಯನ್ನು ಬಿಸಿಲಿಗೆ ಬಿಡಬೇಡಿ, ಗಾಳಿ ಕಾದು ಹಿಗ್ಗುತ್ತದೆ. ಸ್ವಲ್ಪ ಗಾಳಿ ಬಿಡಿ. ತಣ್ಣನೆ ನೀರಿಗೆ ಇಳಿಸಿದ ಮೇಲೆ ಮತ್ತೆ ತುಂಬಿ. ಪೂರ್ತಿ ಒಣಗಿದ ಮೇಲೆ ಸುತ್ತಿಡಿ. ಗೋದಾಮಿನಲ್ಲಿ ಇಲಿ ಇದ್ದರೆ ನೇತು ಹಾಕಿ.

ಈಗ ನನಗೆ ಜಾಸ್ತಿ ಸಂಕಟ ಕೊಡುವ ವಿಷಯ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಹೊಳೆಯ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಗದಗ ಜಿಲ್ಲೆಯ ಕೊಣ್ಣೂರು, ಹೊಳೆಆಲೂರು ಏನಾದವು ಎಂದು ಎಲ್ಲರೂ ನೋಡಿದ್ದೇವೆ. ಬೆಣ್ಣಿಹಳ್ಳ, ವರದಾ ಉಕ್ಕಿದಾಗಲೂ ಅಷ್ಟೇ. ನೆರೆ ನೀರಿನಲ್ಲಿ ನುಣ್ಣನೆ ಕಲ್ಲು ಇರುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳು, ತಂತಿ ಬೇಲಿ, ಕಿತ್ತ ತಗಡು ಇರುತ್ತವೆ. ನಮ್ಮ ಭಾಗದ ಒಂದು ಕಚೇರಿಯಿಂದ ನೆರೆ ಕೆಲಸಕ್ಕೆಂದು ಕೊಂಡ ಗಾಳಿ ದೋಣಿಯೊಂದು ನನ್ನ ಅಂಗಡಿಗೆ ಬಂದಿತ್ತು. ಬಟ್ಟೆ ಇಲ್ಲದ ಬರೀ ಪಿವಿಸಿ, ಬೆಸೆದ ವಾಲ್ವ್. ತಂದವರು ಪಾಪ, "ಟೆಂಡರ್‌ನಲ್ಲಿ ಗಾಳಿ ದೋಣಿ, ಇಷ್ಟು ಜನಕ್ಕೆ ಅಂತಷ್ಟೇ ಇತ್ತು, ಕಡಿಮೆ ರೇಟಿನವರು ಕೊಟ್ಟರು" ಎಂದರು. ಟೆಂಡರ್‌ನಲ್ಲಿ ಬೇಕಾದದ್ದನ್ನು ಬರೆಯದಿದ್ದರೆ ಕಡಿಮೆ ಬೆಲೆಯದ್ದೇ ಗೆಲ್ಲುತ್ತದೆ. ಬರೆದರೆ, ಬರೆದದ್ದನ್ನು ಕೊಡುವವರಲ್ಲಿ ಕಡಿಮೆ ಬೆಲೆಯವರು ಗೆಲ್ಲುತ್ತಾರೆ. ನಿಯಮ ಮೀರುವ ಪ್ರಶ್ನೆಯೇ ಇಲ್ಲ. ಗಾಳಿ ತುಂಬುವ ದೋಣಿಗಳಿಗೆ ಐಎಸ್‌ಒ 6185 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದನ್ನು ಹಾಕಲಿ. ಬಟ್ಟೆ, ಲೇಪ, ಗಾಳಿ ಕೋಣೆಗಳ ಸಂಖ್ಯೆ, ಬಿಚ್ಚಬಹುದಾದ ವಾಲ್ವ್, ಬಿಡಿಭಾಗ ಹಾಗೂ ರಿಪೇರಿ ಕಿಟ್ ಇರಬೇಕೆಂದು ಬರೆಯಲಿ.

ಒಳ್ಳೆಯ ಕಯಾಕ್ ತರಿಸಿದರೆ ಲಕ್ಷ ರೂಪಾಯಿ ದಾಟುತ್ತದೆ, ಒಪ್ಪುತ್ತೇನೆ. ಸಣ್ಣ ರೆಸಾರ್ಟ್‌ನವರಿಗೆ ಅದು ಭಾರ. ಹಾಗಾದರೆ ಐದು ಅಗ್ಗದವು ಬೇಡ, ಎರಡು ಗಟ್ಟಿಯವು ಸಾಕು. ಕೊಳ್ಳುವ ಮೊದಲು ಒಂದು ಮಾದರಿ ತರಿಸಿ, ಅದನ್ನು ದಿನಾ ಹೊಳೆಗೆ ಇಳಿಸುವ ಗೈಡ್ ಹುಡುಗರ ಕೈಗೆ ಕೊಟ್ಟು ನೋಡಿ. ಅಂಗಡಿಗೆ ತಂದರೆ ನಾನೂ ಬುಡ, ಜೋಡಣೆ, ವಾಲ್ವ್ ನೋಡಿ ಹೇಳುತ್ತೇನೆ. ಅದಕ್ಕೆ ದುಡ್ಡು ಕೇಳುವುದಿಲ್ಲ.

– ಗಾಳಿ ದೋಣಿ ರಿಪೇರಿಯವ, ಹಳೇ ಹುಬ್ಬಳ್ಳಿ