ಹೆಸರಿನ ಎದುರಿನ ‘ಎಸ್’

ಪ್ರೀತಿಯ ಮಗಳೇ,

ನೀನು ಮುಟ್ಟಿದ ಸುದ್ದಿ ದೊಡ್ಡಮ್ಮ ಫೋನು ಮಾಡಿ ಹೇಳಿದಳು. ಕಿನ್ನಿಗೋಳಿ ಬಸ್ಸು ಹತ್ತುವಾಗ ಒಂದು ಮೆಸೇಜು ಹಾಕಿದ್ದರೆ ನಿನ್ನ ಗಂಟೇನೂ ಹೋಗ್ತಿರಲಿಲ್ಲ. ನಾನು ಕಳಿಸಿದ್ದಕ್ಕೆಲ್ಲ ನೀಲಿ ಗೆರೆ ಬೀಳ್ತದೆ, ಉತ್ತರ ಬರುವುದಿಲ್ಲ. ಹಾಗಾಗಿ ಕಾಗದ. ನಾಳೆ ಅಪ್ಪ ಆ ಕಡೆ ಹೋಗುವವರಿದ್ದಾರೆ, ಅವರ ಕೈಯಲ್ಲಿ ಕೊಡ್ತೇನೆ. ನೀನು ಮರೆತು ಹೋದ ಚಾರ್ಜರೂ ಅದೇ ಚೀಲದಲ್ಲಿ ಉಂಟು.

ಆ ರಾತ್ರಿ ಅಡುಗೆಮನೆಯಲ್ಲಿ ಯಾರು ಏನು ಹೇಳಿದ್ದು ಅಂತ ಇಬ್ಬರಿಗೂ ಗೊತ್ತುಂಟು, ಅದನ್ನು ಬಿಡುವ. ಕೆಲಸ ಹುಡುಕುವುದು ಬಿಟ್ಟು ಊರು ತಿರುಗ್ತಾಳೆ ಎಂದದ್ದು ಸಿಟ್ಟಿನ ಮಾತು, ಅದಕ್ಕೆ ಕ್ಷಮಿಸು. ಉಳಿದದ್ದಕ್ಕೆ ಕ್ಷಮೆ ಕೇಳುವ ಅಂದಾಜಿಲ್ಲ.

ಹೇಳಬೇಕಾದ್ದು ಪಾಲಿಕೆ ಚುನಾವಣೆ, ಮತದಾರರ ಪಟ್ಟಿ ಅಂತ ನೀವು ಮಾಡಿದ ಸಭೆಯ ವಿಷಯ. ಯುವಕ ಮಂಡಲದ ಹಾಲಿಗೆ ನಾನು ಬರ್ತೇನೆ ಅಂತ ನೀನು ಎಣಿಸಿರಲಿಲ್ಲ. ಅಂಗನವಾಡಿಗೆ ಬೀಗ ಹಾಕಿ, ಸೀರೆ ಸಹ ಬದಲಾಯಿಸದೆ ಬಂದು ಕಡೇ ಸಾಲಿನಲ್ಲಿ, ಫ್ಯಾನ್ ಇಲ್ಲದ ಕಡೆ ಕೂತಿದ್ದೆ. ನೀನು ಮೈಕ್ ಹಿಡಿದದ್ದನ್ನು ನಾನು ನೋಡಿದ್ದೇ ಅವತ್ತು. ಮಂಗಳೂರು ಪಾಲಿಕೆಗೆ ಕೊನೆಯ ಸಲ ವೋಟು ನಡೆದದ್ದು 2019ರ ನವೆಂಬರ್ 12ಕ್ಕೆ, ಅವಧಿ 2025ರ ಆರಂಭದಲ್ಲೇ ಮುಗಿಯಿತು, ಆಮೇಲೆ ಆಡಳಿತಾಧಿಕಾರಿಯ ದರ್ಬಾರು. ಐದು ವರ್ಷ ತುಂಬುವುದರೊಳಗೆ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಯು ವಿಧಿಯಲ್ಲೇ ಬರೆದಿದೆ ಎಂದೆ. 2019ರಲ್ಲಿ ನನಗೆ ಹದಿನೇಳು, ಈಗ ಕೆಲಸ ಹುಡುಕುವ ವಯಸ್ಸಾದರೂ ನನ್ನ ವಾರ್ಡಿನ ಕಾರ್ಪೊರೇಟರ್‌ಗೆ ಒಂದು ವೋಟು ಹಾಕಿಲ್ಲ, ಪೈಪಿನಲ್ಲಿ ನೀರು ಬಾರದಿದ್ದರೆ ಯಾರಿಗೆ ಬೈಯಲಿ ಎಂದೆ. ಜನ ನಕ್ಕರು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಮೊಣಕೈ ಮುಟ್ಟಿ “ಯಾರ ಮಗಳು ಮಾರಾಯ್ತಿ ಇವಳು?” ಅಂತ ಕೇಳಿದಳು. ಹೇಳಲಿಕ್ಕೆ ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ನೀನು ಆ ಹಳೆಯ ಮತದಾರರ ಪಟ್ಟಿಯ ಪುಟ ಎತ್ತಿ ಹಿಡಿದೆ. “ಈ ಹೆಸರಿನ ಎದುರು ಎಸ್ ಅಂತ ಇದೆ ನೋಡಿ. ಶಿಫ್ಟೆಡ್. ಮನೆ ಬಿಟ್ಟು ಹೋದವರು. ಇವರು ಎಲ್ಲಿಗೂ ಹೋಗಿಲ್ಲ, ಇಲ್ಲೇ ನಾಲ್ಕನೇ ಸಾಲಿನಲ್ಲಿ ಕೂತಿದ್ದಾರೆ. ಎಸ್ ಹೊಡೆದವರು ಆ ಮನೆಯ ಬಾಗಿಲು ಬಡಿದಿದ್ದರಾ?”

ಚಪ್ಪಾಳೆ ಬಿತ್ತು. ಆ ಬೂತಿನ ಬಿಎಲ್‌ಓ, ಅಂದರೆ ಮನೆಮನೆಗೆ ಹೋಗಿ ಪಟ್ಟಿ ತಾಳೆ ನೋಡುವ ಮತಗಟ್ಟೆ ಮಟ್ಟದ ಅಧಿಕಾರಿ, ಯಾರು ಅಂತ ಹಾಲಿನ ಅರ್ಧ ಜನಕ್ಕೆ ಗೊತ್ತು. ಹೆಸರು ಹೇಳಲಿಲ್ಲವಲ್ಲ ಅಂತ ನಿನ್ನ ವಾದ. ಹೇಳುವ ಅಗತ್ಯ ಎಲ್ಲಿತ್ತು?

ಬಡಿದಿದ್ದೆ ಮಗಾ. ಓಣಿಯ ಕೊನೆಯ ಆ ಹಂಚಿನ ಮನೆ, ಗೇಟಿಗೆ ಸರಪಣಿ, ಬಾಗಿಲಿಗೆ ಹಿತ್ತಾಳೆ ಬೀಗ. “ಉಲಯಿ ಏರ್ಲಾ ಇಜ್ಜೆರಾ?”, ಒಳಗೆ ಯಾರೂ ಇಲ್ಲವಾ ಅಂತ ತುಳುವಿನಲ್ಲಿ ಗಂಟಲು ಹರಿದು ಕರೆದಿದ್ದೇನೆ. 2022ರ ಮಳೆಗಾಲ ಅದು. ಗೇಟಿನ ಸಂದಿಗೆ ಸಿಕ್ಕಿಸಿದ ಮೆಸ್ಕಾಂ ಬಿಲ್ಲು ನೆನೆದು ಹಿಟ್ಟಾಗಿತ್ತು, ಜಗಲಿಯ ಮೇಲೆ ಹಲಸಿನ ಎಲೆ ಕೊಳೆತು ದಪ್ಪಗೆ ಕೂತಿತ್ತು. ಮತ್ತೆ ಹೋದೆ, ಬೇರೆ ಹೊತ್ತಿನಲ್ಲಿ ಹೋದೆ. ಪಕ್ಕದ ಮನೆಯವರು ಹೇಳಿದ್ದು ಒಂದೇ ಮಾತು: ಬಾಯಮ್ಮ ಬಹರೈನಿಗೆ ಮಗಳ ಹತ್ತಿರ ಹೋದರು, ಇನ್ನು ಬರುವುದಿಲ್ಲವಂತೆ, ಮನೆ ಮಾರ್ತಾರಂತೆ. ಎದುರಿನ ಅಂಗಡಿಯವನೂ ಅದನ್ನೇ ಹೇಳಿದ. ಯಾರೂ ಸುಳ್ಳು ಹೇಳಿದ್ದಲ್ಲ, ಅವರಿಗೆ ಗೊತ್ತಿದ್ದದ್ದೇ ಅಷ್ಟು. ನೋಟಿಸು ಹೋಯಿತು, ಬಾಗಿಲಿಗೆ ಅಂಟಿಸಿದ್ದೂ ಆಯಿತು, ಆಕ್ಷೇಪಣೆ ಬರಲಿಲ್ಲ. ನನ್ನ ವರದಿ ಮೇಲೆ ಹೋಯಿತು. ಹೆಸರು ತೆಗೆಯುವ ಆದೇಶ ಮಾಡುವುದು ನೋಂದಣಾಧಿಕಾರಿ, ನಾನಲ್ಲ. ಆದರೆ ಅದು ಹೊರಡುವುದು ನನ್ನ ಪೆನ್ನಿನಿಂದಲೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

2023ರ ಮೇ 10ರಂದು ಶಾಲೆಯ ಗೇಟಿನ ಹತ್ತಿರ ಮೇಜು ಹಾಕಿ ಕೂತಿದ್ದೆ, ಬಂದವರಿಗೆ ಕ್ರಮಸಂಖ್ಯೆ ಹುಡುಕಿ ಕೊಡಲಿಕ್ಕೆ. ಬಿಸಿಲು ಹೇಳಿ ಪ್ರಯೋಜನವಿಲ್ಲ. ಬಾಯಮ್ಮ ರಿಕ್ಷಾದಿಂದ ಇಳಿದರು. ಇಗರ್ಜಿಗೆ ಉಡುವ ಕೆನೆಬಣ್ಣದ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಎಪಿಕ್ ಕಾರ್ಡು, ಮತದಾರರ ಗುರುತಿನ ಚೀಟಿ. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆದರೂ ಪಟ್ಟಿಯಲ್ಲಿ ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದೆ, ಇನ್ನೊಮ್ಮೆ ಹುಡುಕಿದೆ. ಕಾರ್ಡು ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಬೇಕು ಎಂದೆ. ಅವರು ಜಗಳ ಮಾಡಲಿಲ್ಲ. “ಲೈಟ್ ಬಿಲ್ಲು ಕಟ್ಟಿದ್ದೇನೆ, ಮನೆ ತೆರಿಗೆ ಕಟ್ಟಿದ್ದೇನೆ, ನೀರಿನದ್ದೂ ಬಾಕಿ ಇಲ್ಲ. ದುಡ್ಡು ತಗೊಳ್ಳುವಾಗ ಇದ್ದೆ, ವೋಟಿಗೆ ಮಾತ್ರ ಇಲ್ಲವಾ ಟೀಚರೇ?” ಅಂತ ಕೇಳಿದರು. ಹಿಂದೆ ಕ್ಯೂ ಬೆಳೀತಿತ್ತು. ಮುಂದಿನವರ ಚೀಟಿ ತಗೊಂಡೆ. ಮೊಮ್ಮಗುವಿನ ಬಾಣಂತನ ಮುಗಿಸಿ ಫೆಬ್ರವರಿಯಲ್ಲೇ ವಾಪಸು ಬಂದಿದ್ದರಂತೆ. ಆಗಲೇ ಒಂದು ಮಾತು ನನಗೆ ಹೇಳಿದ್ದರೆ ನಾಮಪತ್ರದ ಕೊನೆಯ ದಿನದ ಮೊದಲು ಹೆಸರು ಸೇರಿಸುವ ಹೊಸ ಫಾರ್ಮ್ 6 ಹಾಕಿಸಬಹುದಿತ್ತು. ಅವರಿಗೆ ಹೇಗೆ ಗೊತ್ತಾಗಬೇಕು? ಹೆಸರು ಹೋದದ್ದೇ ಗೊತ್ತಿಲ್ಲದವರು.

ಹಾಗಾದರೆ ತೆಗೆಯಲೇ ಬಾರದಿತ್ತಾ ಅಂತ ನೀನು ಕೇಳ್ತೀಯ. ಅಡುಗೆಮನೆಯಲ್ಲಿ ಕೇಳಿದೆ ಕೂಡ. ಹೋದವರ ಹೆಸರು ಹಾಗೇ ಬಿಟ್ಟರೆ ಆ ಹೆಸರಿನಲ್ಲಿ ಬೇರೆ ಯಾರೋ ಬಂದು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೋಗ್ತಾರೆ. ಆಮೇಲೆ ನಿಜವಾದವರು ಬಂದರೆ ಅವರಿಗೆ ಮೆಷಿನ್ ಇಲ್ಲ, ಟೆಂಡರ್ಡ್ ಬ್ಯಾಲೆಟ್ ಅಂತ ಒಂದು ಕಾಗದ ಕೊಡ್ತಾರೆ. ಅದು ಲಕೋಟೆಯಲ್ಲಿ ಕೂರ್ತದೆ, ಎಣಿಕೆಗೆ ಬರುವುದಿಲ್ಲ, ಕೋರ್ಟು ಕೇಳಿದರೆ ಮಾತ್ರ ಹೊರಗೆ ಬರುವಂಥದ್ದು. ಬೇಕಂತಲೇ ತಪ್ಪು ಮಾಡಿದರೆ ನನ್ನಂಥವರಿಗೆ 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 32ನೇ ಸೆಕ್ಷನ್ ಉಂಟು: ಕಡಿಮೆಯೆಂದರೆ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ ಜೈಲು. ಇದಕ್ಕೆಲ್ಲ ಸೇರಿ ವರ್ಷಕ್ಕೆ 6,000 ರೂಪಾಯಿ ಇತ್ತು, 2025ರಲ್ಲಿ ಆಯೋಗ ಅದನ್ನು 12,000 ಮಾಡಿತು. ದುಡ್ಡಿನ ಮಾತಲ್ಲ. ಬೆಳಿಗ್ಗೆ ಮಕ್ಕಳಿಗೆ ಊಟ ಬಡಿಸಿ, ಮಧ್ಯಾಹ್ನ ಗರ್ಭಿಣಿಯರ ಲೆಕ್ಕ ಬರೆದು, ಸಂಜೆ ನಿನ್ನ ಬಾಯಲ್ಲಿ ಬರುವ ಆ ‘ಬಾಗಿಲು ಬಡಿಯದವರು’ ಏನು ಮಾಡ್ತಾರೆ ಅಂತ ಹೇಳಿದ್ದು ಅಷ್ಟೇ. ಈಚೆಗಿನ ಫ್ಲಾಟುಗಳಲ್ಲಂತೂ ವಾಚ್‌ಮನ್ ದಾಟಿದರೆ ಇಂಟರ್‌ಕಾಮ್, ಅದನ್ನೂ ದಾಟಿದರೆ ಬಾಗಿಲ ಸಂದಿಯಿಂದ “ಈಗ ಬೇಡ”. ಏನು ಬೇಡ ಅಂತ ಅವರಿಗೂ ಗೊತ್ತಿಲ್ಲ. ಇವರೇ ಆಮೇಲೆ ಪಟ್ಟಿ ಸರಿಯಿಲ್ಲ ಅನ್ನುವವರು. ಸುಳ್ಯ, ಬೆಳ್ತಂಗಡಿ ಕಡೆ ನೂರಕ್ಕೆ 80ರ ಆಚೆ ವೋಟು ಬಿದ್ದಾಗಲೂ ನಮ್ಮ ಪೇಟೆ ಹಿಂದೆ ಉಳಿಯುವುದು ಸುಮ್ಮನೆ ಅಲ್ಲ.

ಮತ್ತೆ ಆ ಬೀಗಕ್ಕೇ ಬರ್ತೇನೆ, ಬೇಜಾರು ಮಾಡಬೇಡ. ಈ ಮಂಗಳೂರಿನಲ್ಲಿ ಬೀಗ ಹಾಕಿದ ಮನೆ ಇಲ್ಲದ ಓಣಿ ತೋರಿಸು. ಒಂದು ದುಬೈಯದ್ದು, ಒಂದು ಮುಂಬಯಿಯದ್ದು, ಒಂದು ಅಣ್ಣ-ತಮ್ಮಂದಿರ ಪಾಲಿನ ತಕರಾರಿನದ್ದು. ಹೊರಗಿನಿಂದ ಎಲ್ಲ ಬೀಗವೂ ಒಂದೇ ಥರ ಕಾಣ್ತದೆ. ಯಾರು ಬಾಣಂತನಕ್ಕೆ ಹೋದದ್ದು, ಯಾರು ಬಿಟ್ಟೇ ಹೋದದ್ದು ಅಂತ ನಾನು ಗೇಟಿನ ಹೊರಗೆ ಕೊಡೆ ಹಿಡಿದು ನಿಂತು ತೀರ್ಮಾನ ಮಾಡಬೇಕು. ಈಗಲೂ ಯಾವ ಬೀಗ ಕಂಡರೂ ಬಾಯಮ್ಮನ ಲೈಟ್ ಬಿಲ್ಲು ನೆನಪಾಗ್ತದೆ. ಈಗ ನಾನು ಅಕ್ಕಪಕ್ಕದವರನ್ನು ಕೇಳಿ ಬಿಡುವುದಿಲ್ಲ, ಮಕ್ಕಳ ಫೋನ್ ನಂಬರು ಹುಡುಕಿ ವಾಟ್ಸ್‌ಆ್ಯಪ್ ಕಾಲ್ ಮಾಡ್ತೇನೆ. ನಿಯಮದಲ್ಲಿ ಅದು ಇಲ್ಲ.

ಆ ಚುನಾವಣೆ ಮುಗಿದ ಮೇಲೆ ಫಾರ್ಮ್ 6 ಹಿಡಿದು ಅವರ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟರು, ಕ್ರಿಸ್ಮಸಿಗೆ ಹೋದಾಗ ಕುಲ್ಕುಲ್ ಕಟ್ಟಿಕೊಟ್ಟರು, ಸಹಿ ಮಾತ್ರ ಕೊಡಲಿಲ್ಲ. “ಇನ್ನು ಸಾಕು ಟೀಚರೇ.” 2024ರ ಏಪ್ರಿಲ್ 26ಕ್ಕೂ ಅವರಿಗೆ ವೋಟಿರಲಿಲ್ಲ. ಹೋದ ತಿಂಗಳು ನನ್ನ ಬಿಎಲ್‌ಓ ಆ್ಯಪಿನಲ್ಲಿ ಹೊಸ ಫಾರ್ಮ್ 6 ಬಂದು ಕೂತಿತ್ತು, ಪರಿಶೀಲನೆಗೆ. ತೆರೆದರೆ ಬಾಯಮ್ಮನ ಫೋಟೋ. ನೀವು ಮನೆಮನೆಗೆ ಹೋಗಿ ತುಂಬಿಸಿದ್ದು ಅಂತ ಆಮೇಲೆ ಗೊತ್ತಾಯಿತು. ನನಗೆ ಕೊಡದ ಸಹಿ ನಿನಗೆ ಕೊಟ್ಟಿದ್ದರು. ಆ ದಿನ ಸಂಜೆ ನಾನು ಯಾರಿಗೂ ಹೇಳದೆ ಪಾಯಸ ಮಾಡಿದ್ದೆ, ನೀನು ಸಕ್ಕರೆ ಹೆಚ್ಚಾಯಿತು ಎಂದೆ. ಪರಿಶೀಲನೆಗೆ ಹೋದಾಗ ಬಾಯಮ್ಮ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಮಗಳೇ ಎಂದು ನಾನು ಹೇಳಲಿಲ್ಲ. ಅವರಿಗೆ ಗೊತ್ತಿತ್ತೋ ಏನೋ.

ಆ ಎಸ್ ಮಾತನ್ನು ಮೈಕಿನಲ್ಲಿ ಹೇಳುವ ಮೊದಲು ನನ್ನಲ್ಲಿ ಒಂದು ಮಾತು ಕೇಳಿದ್ದರೆ ನಾನೇ ನಿನಗೆ ಇನ್ನೂ ನಾಲ್ಕು ಹೆಸರು ಕೊಡ್ತಿದ್ದೆ.

ಸರಿ. ಮುಂದೆ ಓಡಾಡುವುದು ಬಿಡುವವಳಲ್ಲ ಅಂತ ಗೊತ್ತು, ಬಿಡು ಅಂತ ಹೇಳುವವಳೂ ನಾನಲ್ಲ. ಆದರೆ ಕೇಳು. ಜನರ ಆಧಾರ್ ಕಾರ್ಡಿನ ಫೋಟೋ ನಿಮ್ಮ ಫೋನುಗಳಲ್ಲಿ ಇಟ್ಟುಕೊಳ್ಳಬೇಡಿ. ಫಾರ್ಮಿನಲ್ಲಿ ಆಧಾರ್ ನಂಬರು ಕಡ್ಡಾಯವೂ ಅಲ್ಲ, ಕೊಡದವರ ಹತ್ತಿರ ಒತ್ತಾಯ ಮಾಡಬೇಡಿ. ಹದಿನೇಳು ತುಂಬಿದ ಪಿಯುಸಿ ಮಕ್ಕಳಿಂದ ಮುಂಚಿತವಾಗಿಯೇ ಅರ್ಜಿ ಹಾಕಿಸಿ. ಮೊದಲಿನ ಹಾಗೆ ಜನವರಿ 1 ಒಂದೇ ಅಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೂ ಹದಿನೆಂಟು ತುಂಬಿದವರನ್ನು ಸೇರಿಸ್ತಾರೆ. ಗಲ್ಫಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಫಾರ್ಮ್ 6ಎ, ಆದರೆ ವೋಟಿಗೆ ಅವರು ಊರಿಗೇ ಬರಬೇಕು, ಅದನ್ನು ಮೊದಲೇ ಹೇಳಿ, ಆಸೆ ಹುಟ್ಟಿಸಬೇಡಿ. ಯಾರಾದರೂ ಫಾರ್ಮ್ 7ರ ಕಟ್ಟು ತಂದು “ಇದಕ್ಕೊಂದು ಸಹಿ ಹಾಕಿ” ಎಂದರೆ ಕೈ ಮುಟ್ಟಿಸಬೇಡ, ಯಾವ ಬಣ್ಣದ ಶಾಲಿನವನೇ ಆಗಲಿ. ಅದು ಇನ್ನೊಬ್ಬರ ಹೆಸರು ತೆಗೆಸುವ ಫಾರ್ಮು. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಉಂಟು, ಮತ್ತು ಹಾಗೆ ತಂದವನು ಜೈಲಿಗೆ ಹೋಗುವುದಿಲ್ಲ, ಸಹಿ ಹಾಕಿದವಳು ಹೋಗ್ತಾಳೆ. ಬಿಟ್ಟುಹೋದ ಹೆಸರುಗಳನ್ನು ಜಾತಿ-ಧರ್ಮ ಹಿಡಿದು ಎಣಿಸಲಿಕ್ಕೆ ಹೋಗಬೇಡಿ. ಬೇರೆಯವರು ಆ ಲೆಕ್ಕ ಹಾಕ್ತಾ ಕೂತಿರ್ತಾರೆ, ನಿಮ್ಮ ಪುಸ್ತಕ ಅವರ ಕೈಗೆ ಸಿಗುವುದು ಬೇಡ. ಹೊತ್ತು ಕಂತಿದ ಮೇಲೆ ಗೇಟು ತೆರೆಯಬೇಡ. ನೋಡು, ಭಾಷಣ ಮಾಡಬಾರದು ಅಂತ ಕೂತವಳು ನಾನು.

ಅಪ್ಪನನ್ನು ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬ ಕೇಳಿದನಂತೆ, “ನಿಮ್ಮ ಮಗಳು ಯಾರ ಕಡೆ?” ಅಪ್ಪ “ಅವಳ ಅಮ್ಮನ ವಿರುದ್ಧ” ಅಂತ ಹೇಳಿ ನಗಿಸಿ ಬಂದರು. ನನಗೆ ನಗು ಬರಲಿಲ್ಲ. ಈ ಊರಿನಲ್ಲಿ ಹುಡುಗ ಹುಡುಗಿ ಒಟ್ಟಿಗೆ ಐಸ್‌ಕ್ರೀಮ್ ತಿಂದರೂ ಹೆಸರು ಕೇಳುವವರಿದ್ದಾರೆ. ನಿಮ್ಮ ಗುಂಪಿನಲ್ಲಿ ಮೂರೂ ಧರ್ಮದ ಮಕ್ಕಳು ಒಂದೇ ಸ್ಕೂಟರಿನಲ್ಲಿ ತಿರುಗ್ತೀರಿ. ತಿರುಗಿ. ಎಲ್ಲಿದ್ದೀರಿ ಅಂತ ಲೊಕೇಶನ್ ಮಾತ್ರ ಹಾಕ್ತಾ ಇರು.

ಪಾಲಿಕೆಗೆ ನಿಲ್ಲಲಿಕ್ಕೆ 21 ಆದರೆ ಸಾಕು, 60 ವಾರ್ಡಿನಲ್ಲಿ ಅರ್ಧ ಹೆಂಗಸರಿಗೇ ಅಂತ ನೀನು ಸಭೆಯಲ್ಲಿ ಹೇಳಿದ ರೀತಿ ನನಗೆ ಅಷ್ಟು ಸರಿ ಕಾಣಲಿಲ್ಲ. ಚುನಾವಣೆಗೆ ನಿಲ್ಲುವ ಅಂದಾಜು ಉಂಟಾದರೆ ಈಗಲೇ ಹೇಳು. ಪಚ್ಚನಾಡಿಯ ಕಸದ ಗುಡ್ಡ 2019ರ ಆಗಸ್ಟಿನಲ್ಲಿ ಮಂದಾರದ ಮನೆ-ತೋಟಗಳ ಮೇಲೆ ಜಾರಿದಾಗ ನೀನು ಹಟ ಮಾಡಿ ನೋಡಲಿಕ್ಕೆ ಹೋದದ್ದು, ಬಂದು ಊಟ ಬಿಟ್ಟದ್ದು ಎಲ್ಲ ನಿನಗೆ ನೆನಪಿರ್ತದೆ. ಅಂದಿನಿಂದಲೇ ನನಗೆ ಈ ಹೆದರಿಕೆ.

ಇನ್ನು ಕೆಲಸದ ಮಾತು. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ದೆಹಲಿಯದ್ದಲ್ಲ. ಪಟ್ಟಿ ಮಾತ್ರ ವಿಧಾನಸಭೆಯದ್ದನ್ನೇ ವಾರ್ಡುವಾರು ಕತ್ತರಿಸಿ ಜೋಡಿಸುವುದು. ತಪ್ಪು ಆಗುವುದೇ ಅಲ್ಲಿ. ಬಾಯಮ್ಮನ ಓಣಿಯಲ್ಲಿ ನೀರು ಹರಿಯುವ ತೋಡಿನ ಎಡಬದಿಯ ಮನೆಗಳು ಒಂದು ವಾರ್ಡು, ಬಲಬದಿಯವು ಇನ್ನೊಂದು. ಪಟ್ಟಿ ಮಾಡುವವರಿಗೆ ತೋಡು ಕಾಣುವುದಿಲ್ಲ. ವಾರ್ಡಿನ ಕರಡು ಪಟ್ಟಿ ಬಂದ ದಿನವೇ ಡೋರ್ ನಂಬರು ಹಿಡಿದು ನೋಡಬೇಕು, ಆಕ್ಷೇಪಣೆಗೆ ಕೊಡುವ ದಿನ ಕಡಿಮೆ. ನನ್ನ ಹತ್ತಿರ ಕೈಯಲ್ಲಿ ಬರೆದ ನಕ್ಷೆ ಉಂಟು, ಎಲ್ಲ ಮನೆ ಗುರುತು ಹಾಕಿದ್ದು. ಕಪಾಟಿನ ಮೇಲಿನ ಹಸಿರು ಫೈಲು. ಮುಂದಿನ ಭಾನುವಾರ ಬರ್ತೀಯಾದರೆ ಇಬ್ಬರೂ ಒಂದು ಸುತ್ತು ಹೋಗುವ, ಬರದಿದ್ದರೆ ಫೋಟೋ ತೆಗೆದು ಕಳಿಸ್ತೇನೆ.

ಮತ್ತೆ, ನಿನ್ನ ಎಪಿಕ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಕಾಗುಣಿತ ಇವತ್ತಿಗೂ ತಪ್ಪೇ ಉಂಟು. ಊರಿಗೆಲ್ಲ ತಿದ್ದುಪಡಿಯ ಫಾರ್ಮ್ 8 ತುಂಬಿಸುವವಳು ನಿನ್ನದೊಂದು ಹಾಕು, ನನ್ನ ಆ್ಯಪಿಗೇ ಬರ್ತದೆ.

ಅಮ್ಮ