ಬಯಲುಸೀಮೆಯ ಯಂತ್ರಕ್ಕೂ ತುಕ್ಕು ಹಿಡಿಯುತ್ತದೆ

ಮಾನ್ಯ ಸಂಪಾದಕರೇ,

ತುಕ್ಕು ಏನಿದ್ದರೂ ಕರಾವಳಿಯವರ ತಲೆನೋವು, ಹೆಚ್ಚೆಂದರೆ ಆಗುಂಬೆ, ತೀರ್ಥಹಳ್ಳಿ ಕಡೆಯವರದು ಎಂಬ ಭಾವನೆ ದಾವಣಗೆರೆಯ ಮರಗೆಲಸದವರಲ್ಲಿ ಬೇರೂರಿದೆ. ನಮ್ಮಲ್ಲಿ ಮಳೆ ಕಡಿಮೆ ಎಂಬುದು ನಿಜ. ಆದರೆ ಹಲಗೆ ಹೆರೆಯುವ ಪ್ಲೇನರ್, ಮರ ಸೀಳುವ ಬ್ಯಾಂಡ್‌ಸಾ ಮುಂತಾದ ಯಂತ್ರಗಳ ಬೀಡು ಕಬ್ಬಿಣದ ಮೇಜು ಹಾಳಾಗಲು ಅದರ ಮೇಲೆ ಮಳೆಯೇ ಸುರಿಯಬೇಕೆಂದಿಲ್ಲ. ಗಾಳಿಯ ತೇವಾಂಶ ಶೇ 60 ದಾಟಿದರೆ ಬಣ್ಣವಿಲ್ಲದ ನುಣುಪು ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಆಷಾಢ, ಶ್ರಾವಣದ ಮೋಡ ಮುಚ್ಚಿದ ದಿನಗಳಲ್ಲಿ ನಮ್ಮ ಬೆಳಗಿನ ಗಾಳಿ ಅದನ್ನು ಸುಲಭವಾಗಿ ಮೀರುತ್ತದೆ.

ಇದಕ್ಕಿಂತ ಹೆಚ್ಚಿನ ಹಾನಿ ಆಗುವುದು ಶೆಡ್ಡಿನ ಬಾಗಿಲು ತೆರೆದ ಮೇಲೆ. ಕ್ವಿಂಟಲ್‌ಗಟ್ಟಲೆ ತೂಗುವ ಎರಕದ ಮೈ ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಸಿಯಾಗುತ್ತದೆ, ಹೊರಗಿನ ಗಾಳಿಯಾದರೋ ಬಿಸಿಲೇರಿದಂತೆ ಬೇಗನೆ ಬೆಚ್ಚಗಾಗುತ್ತದೆ. 26 ಡಿಗ್ರಿ ಉಷ್ಣಾಂಶದ ಗಾಳಿಯಲ್ಲಿ ಶೇ 85ರಷ್ಟು ತೇವಾಂಶವಿದ್ದಾಗ, ಅದಕ್ಕಿಂತ ಕೇವಲ 3 ಡಿಗ್ರಿ ತಣ್ಣಗಿರುವ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಆ ಮೇಜಿನ ಮೇಲೆ ಹಿಂದಿನ ದಿನದ ಮರದ ಹೊಟ್ಟು ಉಳಿದಿದ್ದರೆ ತೇವವನ್ನು ಹೀರಿ ಕಬ್ಬಿಣಕ್ಕೇ ಒತ್ತಿ ಹಿಡಿಯುತ್ತದೆ. ಹಸಿ ಜಾಲಿ ಹಲಗೆಯನ್ನು ರಾತ್ರಿ ಮೇಜಿನ ಮೇಲೆಯೇ ಬಿಟ್ಟು ಹೋದರೆ ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದಿಂದ ಹಲಗೆಯ ಅಳತೆಯದೇ ಒಂದು ನೀಲಿಗಪ್ಪು ಕಲೆ ಮೂಡಿರುತ್ತದೆ. ಬೆವರಿನ ಕೈ ಊರಿದ ಕಡೆ ಐದು ಬೆರಳೂ ಕಂದು ಬಣ್ಣದಲ್ಲಿ ಎದ್ದು ಕಾಣುವುದನ್ನು ನೋಡದ ಕೆಲಸಗಾರರು ವಿರಳ.

ಇದಕ್ಕೆ ನಮ್ಮವರು ಮಾಡುವ ಉಪಾಯಗಳಲ್ಲಿ ಕೆಲವು ರೋಗಕ್ಕಿಂತ ಕಡೆ. ಪ್ಲಾಸ್ಟಿಕ್ ತಾಡಪಾಲು ಬಿಗಿಯಾಗಿ ಹೊದಿಸಿದರೆ ನೆಲದಿಂದ ಏಳುವ ತೇವ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ದಪ್ಪ ಹತ್ತಿ ಬಟ್ಟೆ ಮೇಲು. ಗ್ಯಾರೇಜಿನಿಂದ ತಂದು ಮೇಜಿಗೆ ಬಳಿಯುವ ಹಳೇ ಎಂಜಿನ್ ಆಯಿಲ್‌ನಲ್ಲಿ ಮಸಿಯ ಜೊತೆಗೆ ಆಮ್ಲದ ಅಂಶವೂ ಇರುತ್ತದೆ, ಮರುದಿನ ತೇಗದ ಬಾಗಿಲಿಗೆ ಅದೇ ಮೆತ್ತಿಕೊಳ್ಳುತ್ತದೆ. ಶೆಡ್ ಬೆಚ್ಚಗಿರಲೆಂದು ಬಾಗಿಲು ಮುಚ್ಚಿ ಮರದ ಚೂರು ಉರಿಸುವವರಿದ್ದಾರೆ; ಉರಿಯುವ ಸೌದೆಯಿಂದ ನೀರಾವಿಯೇ ಹೊರಬರುತ್ತದೆ, ಹೊಟ್ಟು ತುಂಬಿದ ಜಾಗದಲ್ಲಿ ಬೆಂಕಿಯ ಅಪಾಯವಂತೂ ಇದ್ದೇ ಇದೆ.

ಮಾಡಬೇಕಾದ ಕೆಲಸಕ್ಕೆ ದೊಡ್ಡ ಖರ್ಚೇನೂ ಇಲ್ಲ. ಸಂಜೆ ಹೊಟ್ಟು ಗುಡಿಸಿ, ಒಣಬಟ್ಟೆಯಿಂದ ಮೇಜನ್ನು ಒರೆಸಬೇಕು. ತುಕ್ಕು ಆಗಲೇ ಕಂಡಿದ್ದರೆ ಯಂತ್ರದ ವಿದ್ಯುತ್ ಸಂಪರ್ಕ ತಪ್ಪಿಸಿ, 400 ನಂಬರಿನ ಎಮರಿ ಪೇಪರಿಗೆ ತುಸು ಮಷೀನ್ ಆಯಿಲ್ ಹಚ್ಚಿ ಹಗುರವಾಗಿ ಉಜ್ಜಿ, ಎಣ್ಣೆಯ ಜಿಡ್ಡು ಪೂರ್ತಿ ಹೋಗುವಂತೆ ಒರೆಸಿ, ನೆಲಕ್ಕೆ ಹಚ್ಚುವಂಥ ಗಟ್ಟಿ ಮೇಣದ ಪಾಲಿಶನ್ನು ತೆಳುವಾಗಿ ಬಳಿದು, ಒಣಗಿದ ಬಳಿಕ ಬಟ್ಟೆಯಿಂದ ಹೊಳಪು ಕೊಡಬೇಕು. ಇದರಿಂದ ಹಲಗೆಯೂ ಮೇಜಿನ ಮೇಲೆ ಸರಾಗವಾಗಿ ಜಾರುತ್ತದೆ. ಸಿಲಿಕೋನ್ ಇರುವ ಕಾರು ಪಾಲಿಶ್ ಮಾತ್ರ ಬೇಡ, ಅದು ಮರಕ್ಕೆ ಅಂಟಿದರೆ ವಾರ್ನಿಷ್ ಒಂದೇ ಸಮನೆ ಹಿಡಿಯದೆ ಗುಳಿ ಬೀಳುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಮೇಣ ಹಚ್ಚಬೇಕು. ನೀರು ಚಿಮುಕಿಸಿದಾಗ ಹನಿ ಗುಂಡಗೆ ನಿಲ್ಲದೆ ಹರಡಿತೆಂದರೆ ಮೇಣ ಸವೆದಿದೆ ಎಂದೇ ಅರ್ಥ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿ, ಎರಡು ಕಂತಿನಲ್ಲಿ ಒಟ್ಟು 3 ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ ಹಾಗೂ ತರಬೇತಿಗೆ ಅದರಲ್ಲಿ ಅವಕಾಶವಿದೆ. ಸಾಲ ಮಾಡಿ ಯಂತ್ರ ತಂದವನಿಗೆ ಅದನ್ನು ಕಾಪಾಡುವ ಬಗೆಯೂ ತಿಳಿದಿರಬೇಕಲ್ಲವೇ? ಜಿಲ್ಲೆಯಲ್ಲಿ ನಡೆಯುವ ಇಂಥ ತರಬೇತಿಗಳಲ್ಲಿ, ಐಟಿಐ ಕಾರ್ಯಾಗಾರಗಳಲ್ಲಿ ಅರ್ಧ ದಿನವನ್ನು ಇದಕ್ಕೆ ಮೀಸಲಿಟ್ಟು, ಭಾಷಣದ ಬದಲು ತುಕ್ಕು ಹಿಡಿದ ಒಂದು ಮೇಜನ್ನೇ ಮುಂದಿಟ್ಟು ಕೆಲಸಗಾರರ ಕೈಯಿಂದ ಮಾಡಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಇದು ಮುಂಗಾರು ಹಿಡಿಯುವ ಮೊದಲೇ, ಮೇ ತಿಂಗಳಿನಲ್ಲಿ ಆದರೆ ಹೆಚ್ಚು ಉಪಯೋಗ.

– ಮರಗೆಲಸದ ಶೆಡ್ ನಡೆಸುವ ಓದುಗ, ದಾವಣಗೆರೆ