ಗಂಟುಮೂಟೆ ಕಟ್ಟೋಕೆ ಮುಂಚೆ ಪಿಂಚಣಿ ಲೆಕ್ಕ ನೋಡ್ಕೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೇಲಿ ಮಕ್ಕಳು ಫಾರಿನ್‌ಗೆ ಹೋಗೋ ವಿಷಯ, ವೀಸಾ ವಿಷಯ, ಎಜುಕೇಶನ್ ಲೋನ್ ವಿಷಯ ಎಲ್ಲ ಬರುತ್ತೆ, ಆದ್ರೆ ಹಂಗೆ ಹೋದವರು ತಲೆ ಹಣ್ಣಾದ ಮೇಲೆ ವಾಪಸ್ ಬಂದಾಗ ಏನಾಗುತ್ತೆ ಅಂತ ಯಾರೂ ಬರೆಯಲ್ಲ. ನಾನು 1997ರಲ್ಲಿ, ನಲವತ್ತನೇ ವಯಸ್ಸಲ್ಲಿ, ಮೆಲ್ಬರ್ನ್‌ಗೆ ಹೋದವನು, 27 ವರ್ಷ ಅಲ್ಲೇ ದುಡಿದು 2025ರ ಫೆಬ್ರವರಿಲಿ ನಮ್ಮ ಮನೆಯವರ ಜೊತೆ ಮೈಸೂರಿಗೆ ಬಂದು ನೆಲೆಸಿದೀನಿ. ಬಂದ ಮೇಲೆ ವಾರಕ್ಕೊಂದಾದ್ರೂ ಫೋನ್ ಬರುತ್ತೆ, ಪರ್ತ್‌ನಿಂದ, ಅಡಿಲೇಡ್‌ನಿಂದ, ಸಿಡ್ನಿಯಿಂದ, ನಮ್ಮ ಕನ್ನಡದವರೇ, ಎಲ್ರದ್ದೂ ಒಂದೇ ಪ್ರಶ್ನೆ: "ನಾವೂ ಊರಿಗೆ ಬರ್ಬೇಕು ಅಂತಿದೀವಿ, ಪಿಂಚಣಿ ಬರುತ್ತಾ, ಟ್ಯಾಕ್ಸ್ ಎಲ್ಲಿ ಕಟ್ಬೇಕು?" ಒಬ್ಬೊಬ್ಬರಿಗೇ ಹೇಳೋ ಬದಲು ನಿಮ್ಮ ಮೂಲಕ ಎಲ್ರಿಗೂ ಹೇಳೋಣ ಅಂತ ಈ ಪತ್ರ.

ಎಡವಟ್ಟು ಆಗೋದೆಲ್ಲ ರೆಸಿಡೆಂಟ್ ಅನ್ನೋ ಒಂದೇ ಪದದಿಂದ. ಪಿಂಚಣಿ ಕೊಡೋ ಸೆಂಟರ್‌ಲಿಂಕ್‌ಗೆ ರೆಸಿಡೆಂಟ್ ಅಂದ್ರೆ ಒಂದು ಅರ್ಥ, ಆಸ್ಟ್ರೇಲಿಯಾದ ಟ್ಯಾಕ್ಸ್ ಆಫೀಸಿಗೆ ಇನ್ನೊಂದು, ನಮ್ಮ ಇನ್‌ಕಮ್ ಟ್ಯಾಕ್ಸ್‌ನವರಿಗೆ ಮತ್ತೊಂದು. ಅವರ ವರ್ಷ ಜುಲೈನಿಂದ ಜೂನ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಒಂದು ಕಡೆ ನಾನ್ ರೆಸಿಡೆಂಟ್ ಆದ್ರೆ ಎಲ್ಲ ಕಡೆನೂ ಆದಂಗೆ ಅಂತ ಜನ ಅಂದ್ಕೊಂಡಿದಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ, ಅದು ತಪ್ಪು.

ಮೊದಲು ಪಿಂಚಣಿ. ಏಜ್ ಪೆನ್ಷನ್ ವಯಸ್ಸು ಈಗ 67, ಕಡಿಮೆ ಅಂದ್ರೆ 10 ವರ್ಷ ಅಲ್ಲಿ ವಾಸ ಇದ್ದಿರ್ಬೇಕು, ಅದ್ರಲ್ಲಿ 5 ವರ್ಷ ಬಿಡದಂಗೆ. ಅದು ನಮ್ಮ ಪಿಎಫ್ ಥರ ಸಂಬಳದಲ್ಲಿ ಹಿಡಿದಿಟ್ಟ ದುಡ್ಡಲ್ಲ, ಸರ್ಕಾರ ನಿಮ್ಮ ಆಸ್ತಿ ಆದಾಯ ಎರಡೂ ನೋಡಿ ಕೊಡೋದು. ಹೊರದೇಶಕ್ಕೆ ಬಂದ್ರೆ ನಿಲ್ಲಿಸಿಬಿಡ್ತಾರೆ ಅನ್ನೋದು ಸುಳ್ಳು, ಎಷ್ಟು ವರ್ಷ ಬೇಕಾದ್ರೂ ಇಲ್ಲಿ ಕೂತು ತಗೋಬಹುದು, ಯುದ್ಧ ಆದ್ಮೇಲೆ ಇಟಲಿ ಗ್ರೀಸ್‌ನಿಂದ ಅಲ್ಲಿಗೆ ಹೋಗಿ ಕಟ್ಟಡ ಕಟ್ಟಿ ಫ್ಯಾಕ್ಟರೀಲಿ ದುಡಿದು ವಾಪಸ್ ತಮ್ಮ ಹಳ್ಳಿಗೆ ಹೋದವರು ಎಷ್ಟೋ ಜನ ಹಂಗೇ ತಗೊಂಡು ಬದುಕಿದಾರೆ. ಆದ್ರೆ ಪೂರ್ತಿ ಬರಲ್ಲ. 6 ವಾರ ದಾಟಿದ್ರೆ ಪಿಂಚಣಿ ಜೊತೆ ಬರೋ ಸಪ್ಲಿಮೆಂಟ್ ಇಳಿಯುತ್ತೆ. 26 ವಾರ ದಾಟಿದ್ರೆ, 16ನೇ ವಯಸ್ಸಿಂದ ಪಿಂಚಣಿ ವಯಸ್ಸಿನವರೆಗೆ ನೀವು ಎಷ್ಟು ವರ್ಷ ಆಸ್ಟ್ರೇಲಿಯಾದಲ್ಲಿ ವಾಸ ಇದ್ರಿ ಅಂತ ಲೆಕ್ಕ ಹಾಕಿ, 35 ವರ್ಷ ಇದ್ದವರಿಗೆ ಪೂರ್ತಿ, ಕಮ್ಮಿ ಇದ್ದವರಿಗೆ ಅಷ್ಟೇ ಪಾಲು. ನಂದು 27 ವರ್ಷ, ಅಂದ್ರೆ 35ರಲ್ಲಿ 27 ಪಾಲು. ಆಗಸ್ಟ್ ತಿಂಗಳಲ್ಲಿ ಇಳೀತು. ಮುಂಚೆನೇ ಗೊತ್ತಿದ್ದರಿಂದ ನಮಗೆ ಶಾಕ್ ಆಗ್ಲಿಲ್ಲ, ಗೊತ್ತಿಲ್ದೆ ಇರೋರಿಗೆ ಮನೆ ಖರ್ಚೇ ತಲೆಕೆಳಗಾಗುತ್ತೆ. ಅಲ್ಲಿ ಹದಿನೈದು ದಿನಕ್ಕೊಮ್ಮೆ ಬರ್ತಿದ್ದ ದುಡ್ಡು ಇಲ್ಲಿಗೆ ನಾಲ್ಕು ವಾರಕ್ಕೊಮ್ಮೆ ಬರುತ್ತೆ, ಅದನ್ನೂ ತಲೇಲಿಟ್ಕೊಳ್ಳಿ. ಒಂದು ಒಳ್ಳೇ ವಿಷಯ ಅಂದ್ರೆ ಇದು ವಾಸದ ಲೆಕ್ಕ, ಕೆಲಸದ ಲೆಕ್ಕ ಅಲ್ಲ. ಮನೇಲಿದ್ದು ಮಕ್ಕಳನ್ನ ಸಾಕಿದ ಹೆಣ್ಣುಮಕ್ಕಳ ವರ್ಷಗಳೂ ಅಷ್ಟೇ ಲೆಕ್ಕಕ್ಕೆ ಬರುತ್ತೆ. ನಮ್ಮ ಮನೆಯವರಿಗೆ ಇದು ಗೊತ್ತಾದಾಗ ಆದ ಸಂತೋಷ ನಾನು ಮರೆಯಲ್ಲ, ಏನೂ ಸಂಪಾದಿಸಿಲ್ಲ ಅಂತ ಒಳಗೊಳಗೇ ಅಂದ್ಕೊಂಡಿದ್ರಂತೆ ಅಷ್ಟು ವರ್ಷ.

ಆಸ್ತಿ ವಿಷಯ ಬಂದಾಗ ನಮಗೆ ನಿಜವಾಗ್ಲೂ ಬೆವರಿಳೀತು. ಪಿಂಚಣಿ ಫಾರಂನಲ್ಲಿ ಜಗತ್ತಿನ ಯಾವ ಮೂಲೇಲಿ ಏನಿದ್ರೂ ಬರೀಬೇಕು. ಚನ್ನರಾಯಪಟ್ಟಣದ ಹತ್ರ ನಮ್ಮಪ್ಪನ ಕಾಲದ ಜಮೀನು, ಪಹಣೀಲಿ ನಾವು ಐದು ಜನ ಅಣ್ಣತಮ್ಮಂದಿರು ಅಕ್ಕತಂಗಿಯರ ಜಂಟಿ ಹೆಸರು, ಪೋಡಿ ಆಗಿಲ್ಲ, ಸಾಗುವಳಿ ಮಾಡೋದು ತಮ್ಮ, ಫಸಲು ಬಂದ್ರೆ ಒಂದು ಮೂಟೆ ರಾಗಿ ನಮ್ಮ ಪಾಲಿಗೆ ಅಂತ ಎತ್ತಿಡ್ತಾನೆ ಅಷ್ಟೇ. ಇದಕ್ಕೆ ಡಾಲರ್‌ನಲ್ಲಿ ಎಷ್ಟು ಬೆಲೆ ಅಂತ ಬರೀಲಿ? ಮೆಲ್ಬರ್ನ್ ಮನೆಯ ಅಡುಗೆಮನೆ ಟೇಬಲ್ ಮೇಲೆ ಪಹಣಿ ಪ್ರಿಂಟ್ ಹರಡ್ಕೊಂಡು, ರಾತ್ರಿ ಹನ್ನೊಂದಕ್ಕೆ ತಮ್ಮನಿಗೆ ಫೋನ್ ಮಾಡಿ "ಎಕರೆಗೆ ಈಗೇನು ರೇಟಪ್ಪ" ಅಂದ್ರೆ ಅವನು ಒಂದು ಕ್ಷಣ ಸುಮ್ಮನಾಗಿ "ಯಾಕಣ್ಣ, ಭಾಗ ಕೇಳ್ತಿದೀಯಾ" ಅಂದ. ಅವನ ಧ್ವನಿ ಕೇಳಿ ನಂಗೆ ಗಂಟಲು ಕಟ್ಟಿಹೋಯ್ತು. ಅವನಿಗೆ ಎಲ್ಲ ಬಿಡಿಸಿ ಹೇಳಿ, ಸಬ್ ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರ ತರಿಸ್ಕೊಂಡು, ಐದರಲ್ಲಿ ಒಂದು ಪಾಲು ಅಂತ ಹಾಕಿ, ಜೊತೆಗೊಂದು ವಿವರಣೆ ಪತ್ರ ಬರೆದು ಕೊಟ್ವಿ. ಬಚ್ಚಿಡೋಕೆ ಮಾತ್ರ ಹೋಗ್ಬೇಡಿ, ಆಮೇಲೆ ಗೊತ್ತಾದ್ರೆ ಕೊಟ್ಟಿದ್ದನ್ನ ವಾಪಸ್ ವಸೂಲಿ ಮಾಡ್ತಾರೆ. ಆದ್ರೆ ಫಾರಂ ತುಂಬೋಕೆ ಮುಂಚೆ ಊರಲ್ಲಿರೋ ಒಡಹುಟ್ಟಿದವರಿಗೆ ಯಾಕೆ ಕೇಳ್ತಿದೀನಿ ಅಂತ ಸಮಾಧಾನವಾಗಿ ಹೇಳಿ, ನಾನು ಅದನ್ನ ಮಾಡ್ಲಿಲ್ಲ.

ಇನ್ನೊಂದು, ಇದು ಬಹಳ ಜನರಿಗೆ ಗೊತ್ತಿಲ್ಲ. ಹಾಸನದ ನಮ್ಮ ಸ್ನೇಹಿತರೊಬ್ರು, ಸಿಡ್ನೀಲಿ 24 ವರ್ಷ ಇದ್ದು 2009ರಲ್ಲೇ ವಾಪಸ್ ಬಂದಿದ್ರು. ಆಗ ಪಿಂಚಣಿ ವಯಸ್ಸು 65. 2013ರಲ್ಲಿ 65 ಆದಾಗ ಅರ್ಜಿ ಹಾಕ್ಬೇಕು ಅಂದ್ರೆ ಅಲ್ಲೇ ರೆಸಿಡೆಂಟ್ ಆಗಿ ಇರ್ಬೇಕು ಅಂತ ಮತ್ತೆ ಹೋಗಿ ಒಂದು ಸಣ್ಣ ಯೂನಿಟ್ ಬಾಡಿಗೆಗೆ ಹಿಡಿದು ಕೂತ್ರು. ಪಿಂಚಣಿ ಸಿಕ್ತು. ಒಂಬತ್ತು ತಿಂಗಳಿಗೆ ಮನೆಯವರಿಗೆ ಹಾರ್ಟ್ ಆಪರೇಷನ್ ಅಂತ ಓಡಿ ಬಂದ್ರು, ಬರ್ತಿದ್ದಂಗೆ ಪಿಂಚಣಿ ನಿಂತುಹೋಯ್ತು. ಕಾನೂನೇ ಹಾಗಿದೆ: ಹೊರಗಿದ್ದು ಮತ್ತೆ ಹೋಗಿ ರೆಸಿಡೆಂಟ್ ಆಗಿ ಪಿಂಚಣಿ ಹಿಡಿದವರು ಎರಡು ವರ್ಷ ಆಗೋದ್ರೊಳಗೆ ದೇಶ ಬಿಟ್ರೆ ಕೊಡಲ್ಲ. ಹೆಂಡತಿ ಐಸಿಯುನಲ್ಲಿ, ಕೈಯಲ್ಲಿ ಪಿಂಚಣಿ ನಿಲ್ಲಿಸಿದೀವಿ ಅನ್ನೋ ಪತ್ರ, ಅವರ ಪಾಡು ಹೆಂಗಿದ್ದಿರ್ಬೇಕು ನೀವೇ ಯೋಚ್ನೆ ಮಾಡಿ. ಪುಣ್ಯಕ್ಕೆ ಭಾರತ ಆಸ್ಟ್ರೇಲಿಯಾ ನಡುವೆ 2014ರ ನವೆಂಬರ್‌ನಲ್ಲಿ ಸಹಿ ಆಗಿದ್ದ ಸಾಮಾಜಿಕ ಭದ್ರತಾ ಒಪ್ಪಂದ 2016ರ ಜನವರಿ 1ರಿಂದ ಜಾರಿಗೆ ಬಂತು, ಅದ್ರಡಿ ಇಲ್ಲಿಂದಲೇ ಅರ್ಜಿ ಹಾಕಿ ಅವರು ಮತ್ತೆ ಪಡ್ಕೊಂಡ್ರು. ಹಾಗಾಗಿ 67 ಆಗೋಕ್ ಮುಂಚೆನೇ ಊರಿಗೆ ಬಂದವರು ಪಿಂಚಣಿಗೋಸ್ಕರ ಮತ್ತೆ ವಿಮಾನ ಹತ್ತೋ ಮುಂಚೆ ಈ ಒಪ್ಪಂದದ ಬಗ್ಗೆ ವಿಚಾರಿಸಿ. 10 ವರ್ಷ ತುಂಬಿಲ್ಲ ಅಂದ್ರೆ ಇಲ್ಲಿ ಪಿಎಫ್ ಕಟ್ಟಿದ್ದ ವರ್ಷಗಳನ್ನೂ ಸೇರಿಸಿ ಅರ್ಹತೆ ನೋಡ್ತಾರೆ.

ಈಗ ಟ್ಯಾಕ್ಸ್. "ವರ್ಷದಲ್ಲಿ 183 ದಿನ ಆಸ್ಟ್ರೇಲಿಯಾದಿಂದ ಹೊರಗಿದ್ರೆ ಆಯ್ತು, ತಾನಾಗೇ ನಾನ್ ರೆಸಿಡೆಂಟ್" ಅಂತ ನನಗೆ ಹೇಳಿದ್ದು ಫೀಸು ತಗೊಂಡ ಟ್ಯಾಕ್ಸ್ ಏಜೆಂಟ್. ಅದು ಹಂಗಲ್ಲ. ನಿಮ್ಮ ಮೂಲ ನೆಲೆ ಆಸ್ಟ್ರೇಲಿಯಾ ಅಂತ ಇರೋವರೆಗೆ, ಹೊರಗೆ ಖಾಯಂ ವಾಸದ ಜಾಗ ಮಾಡ್ಕೊಂಡಿದೀವಿ ಅಂತ ತೋರಿಸ್ಲಿಲ್ಲ ಅಂದ್ರೆ ದಿನ ಎಷ್ಟೇ ಆಗ್ಲಿ ರೆಸಿಡೆಂಟೇ. ಬಹ್ರೇನ್‌ನಲ್ಲಿ ಫರ್ನಿಶ್ಡ್ ಅಪಾರ್ಟ್‌ಮೆಂಟ್‌ನಲ್ಲಿದ್ದ ಒಬ್ಬ ಆಸ್ಟ್ರೇಲಿಯಾದವರು ಇದಕ್ಕೋಸ್ಕರ ಫೆಡರಲ್ ಕೋರ್ಟಿನ ಪೂರ್ಣಪೀಠದವರೆಗೆ ಹೋಗಿ 2019ರಲ್ಲಿ ಗೆಲ್ಬೇಕಾಯ್ತು. ಬಾಲೀಲಿ ಆರು ತಿಂಗಳು, ಥಾಯ್ಲೆಂಡ್‌ನಲ್ಲಿ ಆರು ತಿಂಗಳು ಅಂತ ರೂಮ್ ಬದಲಾಯಿಸ್ಕೊಂಡು ಓಡಾಡೋ ನಿವೃತ್ತರ ಕಥೆ ಇನ್ನೂ ಕಷ್ಟ.

ನಾನ್ ರೆಸಿಡೆಂಟ್ ಆದ್ರೆ ಲಾಭ ಅಂತಾನೂ ಅಲ್ಲ. ರೆಸಿಡೆಂಟ್‌ಗೆ ವರ್ಷಕ್ಕೆ 18,200 ಡಾಲರ್‌ವರೆಗೆ ತೆರಿಗೆ ಇಲ್ಲ. ನಾನ್ ರೆಸಿಡೆಂಟ್‌ಗೆ ಮೊದಲ ಡಾಲರ್‌ನಿಂದಲೇ 30 ಪರ್ಸೆಂಟ್. ಅಲ್ಲಿ ಮನೆ ಬಾಡಿಗೆಗೆ ಕೊಟ್ಟು ಖರ್ಚೆಲ್ಲ ಕಳೆದು 20,000 ಡಾಲರ್ ಉಳಿದ್ರೆ, ಬೇರೆ ಆದಾಯ ಇಲ್ದೆ ಅಲ್ಲೇ ಇರೋನಿಗೆ ರಿಯಾಯಿತಿ ಎಲ್ಲ ಕಳೆದು ಕಟ್ಟೋದು ಸೊನ್ನೆ, ಮೈಸೂರಲ್ಲಿ ಕೂತಿರೋನು ಕಟ್ಟೋದು 6,000.

ಎಲ್ಲಕ್ಕಿಂತ ದೊಡ್ಡ ಹೊಡೆತ ಮನೆ ಮಾರೋದ್ರಲ್ಲಿ. ನಮ್ಮ ಪರಿಚಯದ ಒಬ್ಬ ಅಕ್ಕ, ಯಜಮಾನರು ತೀರಿಕೊಂಡ ಮೇಲೆ 2017ರಲ್ಲಿ ಬ್ರಿಸ್ಬೇನ್ ಮನೆಗೆ ಬೀಗ ಹಾಕ್ಕೊಂಡು ಬೆಂಗಳೂರಿಗೆ ಮಗನ ಹತ್ರ ಬಂದ್ರು. ಇಪ್ಪತ್ತು ವರ್ಷ ತಾವೇ ವಾಸ ಇದ್ದ ಮನೆ, ವಾಸದ ಮನೆ ಮಾರಿದ್ರೆ ಲಾಭದ ಮೇಲೆ ಟ್ಯಾಕ್ಸ್ ಇಲ್ಲ ಅಂತ ಎಲ್ರಿಗೂ ಗೊತ್ತಿರೋದೇ ಅಲ್ವಾ. ಆದ್ರೆ ನಾನ್ ರೆಸಿಡೆಂಟ್‌ಗಳಿಗೆ ಆ ವಿನಾಯಿತಿ ತೆಗೆದುಹಾಕೋ ಕಾನೂನು 2019ರ ಡಿಸೆಂಬರ್‌ನಲ್ಲಿ ಪಾಸಾಯ್ತು, ಹಳೇ ಮನೆ ಇದ್ದವರಿಗೆ ಮಾರೋಕೆ 2020ರ ಜೂನ್ 30ರವರೆಗೆ ಗಡುವು ಕೊಟ್ರು. ಮಾರ್ಚ್‌ಗೆ ಕೊರೊನಾ ಬಂದು ಗಡಿಗಳೇ ಮುಚ್ಚಿಹೋದ್ವು, ಅಕ್ಕ ಹೋಗೋಕಾಗ್ಲಿಲ್ಲ, ಮನೆ ತುಂಬ ಯಜಮಾನರ ಸಾಮಾನು, ಅವರ ಬಟ್ಟೆ ಇನ್ನೂ ಬೀರುವಿನಲ್ಲೇ ಇತ್ತು, ಯಾರೋ ಮೂರನೆಯವರ ಕೈಲಿ ಖಾಲಿ ಮಾಡ್ಸೋಕೆ ಮನಸ್ಸು ಬರ್ಲಿಲ್ಲ. ಮುಂದಿನ ವರ್ಷ ಮಾರಿದ್ರು. ವಾಸ ಇದ್ದ ಇಪ್ಪತ್ತು ವರ್ಷಕ್ಕೂ ಒಂದು ದಿನದ ವಿನಾಯಿತಿ ಸಿಗ್ಲಿಲ್ಲ, ಕೊಂಡ ದಿನದಿಂದ ಮಾರಿದ ದಿನದವರೆಗಿನ ಲಾಭ ಪೂರ್ತಿ ಲೆಕ್ಕಕ್ಕೆ ಬಂತು. ಕಾಂಟ್ರಾಕ್ಟ್‌ಗೆ ಸೈನ್ ಹಾಕೋ ದಿನ ನೀವು ರೆಸಿಡೆಂಟಾ ಅಲ್ವಾ ಅನ್ನೋದೇ ಮುಖ್ಯ. ದಯವಿಟ್ಟು ಮನೆ ಮಾರೋದಿದ್ರೆ ಅಲ್ಲಿದ್ದಾಗಲೇ ಮಾರಿ. 2025ರ ಜನವರಿ 1ರಿಂದ ಮನೆ ಬೆಲೆ ಎಷ್ಟೇ ಇರ್ಲಿ, ಟ್ಯಾಕ್ಸ್ ಆಫೀಸಿನ ಕ್ಲಿಯರೆನ್ಸ್ ಸರ್ಟಿಫಿಕೇಟ್ ಇಲ್ದೇ ಇದ್ರೆ ಕೊಂಡುಕೊಳ್ಳೋನು ಬೆಲೆಯಲ್ಲಿ 15 ಪರ್ಸೆಂಟ್ ಹಿಡಿದು ಸರ್ಕಾರಕ್ಕೆ ಕಟ್ಬೇಕು, ಅಲ್ಲೇ ಇರೋ ರೆಸಿಡೆಂಟ್‌ಗಳೂ ಆ ಸರ್ಟಿಫಿಕೇಟ್ ಮೊದಲೇ ತಗೊಂಡಿಟ್ಕೊಳ್ಳಿ.

ಮುಂದೆ ಬರಬಹುದಾದ ಒಂದು ಬದಲಾವಣೆ ಬಗ್ಗೆನೂ ಹೇಳ್ಬೇಕು. 2021ರ ಮೇ ಬಜೆಟ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ರೆಸಿಡೆನ್ಸಿ ನಿಯಮ ಸರಳ ಮಾಡ್ತೀವಿ ಅಂತ ಘೋಷಣೆ ಮಾಡ್ತು, ವರ್ಷಗಳಾದ್ರೂ ಕಾನೂನಾಗಿಲ್ಲ. ಅದ್ರಲ್ಲಿ 183 ದಿನದ ಜೊತೆ 45 ದಿನದ ಲೆಕ್ಕಾನೂ ಇದೆ. 45 ದಿನ ಅಥವಾ ಜಾಸ್ತಿ ಅಲ್ಲಿದ್ದು, ಅಲ್ಲಿ ಖಾಯಂ ಇರೋ ಹಕ್ಕು, ವಾಸಕ್ಕೆ ಮನೆ, ಕುಟುಂಬ, ಹಣಕಾಸಿನ ನಂಟು ಈ ನಾಲ್ಕರಲ್ಲಿ ಎರಡಿದ್ರೆ ರೆಸಿಡೆಂಟ್ ಅಂತ. ಸಿಟಿಜನ್ ಆಗಿರೋ ನಮಗೆ ಒಂದು ಈಗಾಗ್ಲೇ ಇದೆ, ಅಲ್ಲೊಂದು ಮನೆ ಉಳಿಸ್ಕೊಂಡವರಿಗೆ ಎರಡೂ ಆಯ್ತು. ಮಗಳ ಬಾಣಂತನಕ್ಕೆ ಹೋದ ತಾಯಿ 45 ದಿನಕ್ಕೆ ವಾಪಸ್ ಬರೋಕಾಗುತ್ತಾ? ಮೂರು ತಿಂಗಳಿಲ್ದೆ ಯಾವ ಬಾಣಂತನ ಮುಗಿಯುತ್ತೆ? ಮೆಲ್ಬರ್ನ್, ಸಿಡ್ನಿಯಲ್ಲಿರೋ ನಮ್ಮ ಕನ್ನಡ ಸಂಘಗಳು ಇದನ್ನ ತಮ್ಮ ಎಂಪಿಗಳಿಗೆ ಈಗ್ಲೇ ಹೇಳ್ಬೇಕು, ಕಾನೂನು ಆದ್ಮೇಲೆ ಹೇಳಿ ಪ್ರಯೋಜನ ಇಲ್ಲ.

ನಮ್ಮ ಕಡೆ ಲೆಕ್ಕ ಹೇಳಿ ಮುಗಿಸ್ತೀನಿ. ಬಹಳ ವರ್ಷ ಹೊರಗಿದ್ದು ಬಂದವರಿಗೆ ಇಲ್ಲಿ ಮೊದಲ ಎರಡು ವರ್ಷದ ಹಾಗೆ ಒಂದು ನಡುವಿನ ಸ್ಟೇಟಸ್ ಇರುತ್ತೆ, ಆಗ ಹೊರದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಅದು ಮುಗಿದ ಮೇಲೆ ಎಲ್ಲಾ ಆದಾಯ ಇಲ್ಲಿ ತೋರಿಸ್ಬೇಕು, ಅಲ್ಲಿಯ ಬ್ಯಾಂಕ್ ಖಾತೆ, ಶೇರು ಎಲ್ಲ ರಿಟರ್ನ್‌ನಲ್ಲಿ ಬರೀಬೇಕು, ಬಿಟ್ರೆ 2015ರ ಕಪ್ಪುಹಣ ಕಾಯ್ದೆ ಪ್ರಕಾರ 10 ಲಕ್ಷ ರೂಪಾಯಿ ದಂಡ ಹಾಕೋ ಅವಕಾಶ ಇದೆ. ಎರಡೂ ದೇಶದ ನಡುವೆ 1991ರ ತೆರಿಗೆ ಒಪ್ಪಂದ ಇರೋದ್ರಿಂದ ಪಿಂಚಣಿಗೆ ಎರಡು ಕಡೆ ತೆರಿಗೆ ಬೀಳಲ್ಲ, ವಾಸ ಇರೋ ದೇಶದಲ್ಲಿ ಮಾತ್ರ. ಕಷ್ಟ ಇರೋದು ಸೂಪರ್ ಅಂತ ಕರೆಯೋ ನಿವೃತ್ತಿ ನಿಧಿದು. ದುಡಿದ ಕಾಲಕ್ಕೆಲ್ಲ ಸಂಬಳದ ಜೊತೆ ಕಂಪನಿ ಕಟ್ಟಿದ ದುಡ್ಡು ಅದು, 60 ಆದ್ಮೇಲೆ ತೆಗೆದ್ರೆ ಸಾಮಾನ್ಯವಾಗಿ ಅಲ್ಲಿ ತೆರಿಗೆ ಇಲ್ಲ, ಇಲ್ಲಿ ಅದನ್ನ ಯಾವ ವರ್ಷ ಹೆಂಗೆ ತೋರಿಸ್ಬೇಕು ಅಂತ ಮೂರು ಜನ ಆಡಿಟರ್ ಕೇಳಿದ್ರೆ ಮೂರು ಉತ್ತರ. ಇಂಥಾ ವಿದೇಶಿ ನಿವೃತ್ತಿ ಖಾತೆಗಳಿಗೆ, ದುಡ್ಡು ತೆಗೆದಾಗ ಮಾತ್ರ ತೆರಿಗೆ ಅನ್ನೋ ಅನುಕೂಲ ಕೇಂದ್ರ ಸರ್ಕಾರ ಮಾಡಿದೆ, 2022ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರು ದೇಶದ ಹೆಸರು ಹಾಕಿದಾರೆ. ಆ ಪಟ್ಟೀಲಿ ಆಸ್ಟ್ರೇಲಿಯಾ ಇಲ್ಲ. ಯಾಕಿಲ್ಲ? ಅಲ್ಲೂ ನಮ್ಮವರು ಲಕ್ಷಗಟ್ಟಲೆ ಇದಾರೆ, ದುಡಿದಿದ್ದೂ ಅಷ್ಟೇ ಬೆವರು ಸುರಿಸಿ. ಒಂದು ಅಧಿಸೂಚನೆಯಲ್ಲಿ ಒಂದು ಹೆಸರು ಸೇರಿಸೋ ಕೆಲಸ ಇದು. ನಮ್ಮ ರಾಜ್ಯದ ಸಂಸದರು ಇದನ್ನ ಲೋಕಸಭೇಲಿ ಕೇಳ್ಬೇಕು, ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿ ದೆಹಲಿಗೆ ಒಂದು ಪತ್ರ ಬರೀಬೇಕು. ಮತ್ತೆ ನಿಮ್ಮಲ್ಲಿ ಕೇಳೋದು ಇಷ್ಟೇ, ಈ ಎರಡೂ ದೇಶದ ನಿಯಮ ಗೊತ್ತಿರೋ ಚಾರ್ಟರ್ಡ್ ಅಕೌಂಟೆಂಟ್ ಒಬ್ರ ಹತ್ರ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಸಿ, ತಿಂಗಳಿಗೊಮ್ಮೆ ಆದ್ರೂ ಸಾಕು. ಮೊದಲ ಪ್ರಶ್ನೆ ನಂದೇ ಇರ್ಲಿ: ಆಸ್ಟ್ರೇಲಿಯಾದ ಸೂಪರ್ ಹಣವನ್ನ ಇಲ್ಲಿಯ ರಿಟರ್ನ್‌ನಲ್ಲಿ ಯಾವ ಕಾಲಂನಲ್ಲಿ, ಯಾವ ವರ್ಷದಿಂದ ತೋರಿಸ್ಬೇಕು?

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಿರಿಯ ಓದುಗ, ಮೈಸೂರು